ಒಂದು ಪುಟದ ಪರಿಚಯಪತ್ರ: ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಅರ್ಜಿಯ ಬಗೆಗೆ ಕೆಲವು ವಿಚಾರಗಳು

ಹಿಂದಿನ ತಲೆಮಾರಿನ ಕನ್ನಡಿಗರು ಉದ್ಯೋಗವನ್ನರಸಿ ಮುಂಬಯಿಗೆ ಬಂದಿಳಿದಾಗ ಅವರಲ್ಲಿ ಹಲವರ ಜೇಬಿನಲ್ಲಿದ್ದುದು ಒಂದು ಚೀಟಿ ಮಾತ್ರ. "ಹುಡುಗ ಪ್ರಾಮಾಣಿಕ, ಕಷ್ಟಸಹಿಷ್ಣು, ಏನಾದರೊಂದು ದಾರಿ ತೋರಿಸಬೇಕು" ಎಂದು ಊರಿನ ಹಿರಿಯರೋ ಶಾಲೆಯ ಮಾಸ್ತರರೋ ಬರೆದುಕೊಟ್ಟ ಆ ನಾಲ್ಕು ಸಾಲುಗಳು ಹೋಟೆಲಿನ, ಅಂಗಡಿಯ, ಕೆಲವೊಮ್ಮೆ ಕಚೇರಿಯ ಬಾಗಿಲನ್ನು ತೆರೆಯುತ್ತಿದ್ದವು. ಬರೆದವರ ಮಾತಿಗೆ ಬೆಲೆಯಿತ್ತು. ಓದುವವರಿಗೆ ಊರಿನ ಗುರುತಿತ್ತು. ಹೀಗೆ ನೆಲೆಯೂರಿದವರು ಹಗಲು ದುಡಿದು, ರಾತ್ರಿ ಶಾಲೆಗಳಲ್ಲಿ ಕಲಿತು, ಮಹಾನಗರದಲ್ಲಿ ತಮ್ಮದೊಂದು ಸ್ಥಾನವನ್ನು ಸಂಪಾದಿಸಿಕೊಂಡರು.

ಅವರ ಮಕ್ಕಳ ಮತ್ತು ಮೊಮ್ಮಕ್ಕಳ ಕಾಲ ಬೇರೆ. ಇಂದು ಕಾಲೇಜಿನ ವಿದ್ಯಾರ್ಥಿಯೊಬ್ಬ ಕೆಲವು ವಾರಗಳ ಕಾರ್ಯಾನುಭವಕ್ಕಾಗಿ ಒಂದು ಸಂಸ್ಥೆಯ ಬಾಗಿಲನ್ನು ತಟ್ಟಬೇಕಾದರೆ, ಆತನ ಅರ್ಜಿಯನ್ನು ಓದುವವರಿಗೆ ಅವನ ಊರಾಗಲಿ, ತಂದೆಯಾಗಲಿ ತಿಳಿದಿರುವುದಿಲ್ಲ. ಚೀಟಿಯನ್ನು ಈಗ ಅಭ್ಯರ್ಥಿಯೇ ತನ್ನ ಪರವಾಗಿ ಬರೆದುಕೊಳ್ಳಬೇಕು. ಅಧಿಕಾರಿಗಳ, ವಕೀಲರ, ಇಂಜಿನಿಯರರ ಮನೆಗಳಲ್ಲಿ ಅದನ್ನು ತಿದ್ದಿಕೊಡುವವರು ಊಟದ ಮೇಜಿನ ಬಳಿಯೇ ಇರುತ್ತಾರೆ. ಆದರೆ ಹೋಟೆಲು, ಕ್ಯಾಂಟೀನು, ಕಾರಖಾನೆಗಳಲ್ಲಿ ದುಡಿದು ಮಕ್ಕಳನ್ನು ಕಾಲೇಜಿಗೆ ಕಳುಹಿಸಿದ ಕುಟುಂಬಗಳಲ್ಲಿ ಅಂತಹ ಕಾಗದವನ್ನು ಯಾರೂ ಎಂದೂ ಬರೆದಿರುವುದಿಲ್ಲ. ಬುದ್ಧಿಯಲ್ಲಿ ಸಮಾನರಾದ ಇಬ್ಬರು ಮಕ್ಕಳ ನಡುವೆ ಒಂದು ಪುಟದ ಕಾಗದ ಅಂತರವನ್ನು ಸೃಷ್ಟಿಸುವುದು ಇಲ್ಲಿಯೇ. ಈ ಅಂತರವನ್ನು ತುಂಬುವುದು ಅಸಾಧ್ಯವೇನೂ ಅಲ್ಲ.

ಇಂಟರ್ನ್‌ಶಿಪ್ ಎಂದರೇನು?

"ಇಂಟರ್ನ್" ಎಂಬ ಶಬ್ದ ಆಸ್ಪತ್ರೆಯಿಂದ ಬಂದದ್ದು. 1802ರಲ್ಲಿ ಪ್ಯಾರಿಸ್ ನಗರದ ಆಸ್ಪತ್ರೆಗಳಲ್ಲಿ, ಸ್ಪರ್ಧಾಪರೀಕ್ಷೆಯ ಮೂಲಕ ಆಯ್ದ ವೈದ್ಯವಿದ್ಯಾರ್ಥಿಗಳನ್ನು ಆಸ್ಪತ್ರೆಯ ಸೇವೆಯಲ್ಲಿಯೇ ಇರಿಸಿಕೊಂಡು ತರಬೇತುಗೊಳಿಸುವ ವ್ಯವಸ್ಥೆ ಜಾರಿಗೆ ಬಂದಿತು. ಅವರು ಒಳಗಿನವರು; ಆದುದರಿಂದ "ಇಂಟರ್ನ್"ಗಳು. ಭಾರತದಲ್ಲಿಯೂ ಎಂ.ಬಿ.ಬಿ.ಎಸ್. ಪದವಿಯ ಅಂತ್ಯದಲ್ಲಿ 12 ತಿಂಗಳುಗಳ ಕಡ್ಡಾಯ ಇಂಟರ್ನ್‌ಶಿಪ್ ಇದೆ. ಪುಸ್ತಕದ ವಿದ್ಯೆ ರೋಗಿಯ ಹಾಸಿಗೆಯ ಬದಿಯಲ್ಲಿ ಮಾತ್ರ ಪಕ್ವವಾಗುತ್ತದೆ ಎಂಬುದೇ ಇದರ ತತ್ತ್ವ. ಅದೇ ತತ್ತ್ವ ಇಂದು ಇತರ ವಿದ್ಯೆಗಳಿಗೂ ವ್ಯಾಪಿಸಿದೆ. ಮರಾಠಿಯಲ್ಲಿ ಹೊಸದಾಗಿ ಕೆಲಸ ಕಲಿಯುವುದಕ್ಕೆ "ಉಮೇದವಾರಿ" ಎನ್ನುತ್ತಾರೆ. ಕನ್ನಡದ "ಉಮೇದು", "ಉಮೇದುವಾರ" ಎಂಬ ಮಾತುಗಳೂ ಇದರ ಬಂಧುಗಳೇ.

ದಾರಿಗಳು ಅನೇಕ; ಒಂದೊಂದರ ನಿಯಮವೂ ಬೇರೆ. ಚಾರ್ಟರ್ಡ್ ಅಕೌಂಟೆಂಟ್ ಆಗಬಯಸುವವರಿಗೆ ಆರ್ಟಿಕಲ್‌ಶಿಪ್ ಕಡ್ಡಾಯವಾಗಿದ್ದು, 2023ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ವ್ಯವಸ್ಥೆಯಲ್ಲಿ ಅದರ ಅವಧಿ 3 ವರ್ಷಗಳಿಂದ 2 ವರ್ಷಗಳಿಗೆ ಇಳಿಯಿತು. 1961ರ ಅಪ್ರೆಂಟಿಸ್ ಕಾಯಿದೆಯ ವ್ಯಾಪ್ತಿಗೆ 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಸೇರಿದರು. ಇದಕ್ಕಾಗಿ ಮುಂಬಯಿ, ಚೆನ್ನೈ, ಕಾನ್ಪುರ, ಕೋಲ್ಕತ್ತಗಳಲ್ಲಿ ಪ್ರಾದೇಶಿಕ ಮಂಡಲಿಗಳಿವೆ. ಕೇಂದ್ರ ಸರ್ಕಾರ 2024ರಲ್ಲಿ ಪ್ರಕಟಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಬಗೆಗೆ ಅನೇಕ ಪೋಷಕರು ಕೇಳಿರುತ್ತಾರೆ. ಆರಂಭದ ನಿಯಮಗಳಂತೆ ಅದು 21ರಿಂದ 24 ವರ್ಷದವರಿಗಾಗಿ, 12 ತಿಂಗಳುಗಳ ಅವಧಿಗೆ, ಮಾಸಿಕ 5,000 ರೂಪಾಯಿಗಳ ನೆರವಿನೊಡನೆ ರೂಪಿತವಾಯಿತು. ಆದರೆ ಪೂರ್ಣಕಾಲಿಕ ವ್ಯಾಸಂಗದಲ್ಲಿರುವವರು ಅದಕ್ಕೆ ಅರ್ಹರಾಗಿರಲಿಲ್ಲ ಎಂಬ ಅಂಶವನ್ನು ಹಲವರು ಗಮನಿಸಲಿಲ್ಲ. ಆದುದರಿಂದ ಅರ್ಜಿ ಬರೆಯುವ ಮೊದಲು ಆಯಾ ಯೋಜನೆಯ ಅಂದಿನ ನಿಯಮಗಳನ್ನು ಅಧಿಕೃತ ಪ್ರಕಟಣೆಯಿಂದಲೇ ಓದಿ ತಿಳಿಯುವುದು ಮೊದಲ ಕರ್ತವ್ಯ.

ಓದುವವರ ಅಗತ್ಯವೇ ಮೊದಲು

ರೆಸ್ಯೂಮೆ ಎಂಬುದು ಫ್ರೆಂಚ್ ಶಬ್ದ. ಸಾರಾಂಶ ಎಂದು ಅದರ ಅರ್ಥ. ಜೀವನದ ಓಟ ಎಂಬ ಅರ್ಥದ ಲ್ಯಾಟಿನ್ ಮಾತಾದ ಕರಿಕ್ಯುಲಮ್ ವೀಟೆ ಹೆಚ್ಚು ವಿಸ್ತಾರವಾದ ವೃತ್ತಾಂತ. ವಿದ್ಯಾರ್ಥಿಯಿಂದ ಸಂಸ್ಥೆಗಳು ಸಾಮಾನ್ಯವಾಗಿ ಬಯಸುವುದು ಸಾರಾಂಶವನ್ನೇ.

ಇಂತಹ ಬರವಣಿಗೆಗೆ ಬಹು ಹಳೆಯ ಮಾದರಿಯೊಂದು ಇಟಲಿಯಲ್ಲಿ ದೊರೆಯುತ್ತದೆ. ಸುಮಾರು 1482ರಲ್ಲಿ, ಮೂವತ್ತರ ಹರೆಯದ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಅಧಿಪತಿ ಲುಡೊವಿಕೊ ಸ್ಫೋರ್ಜಾನಿಗೆ ಉದ್ಯೋಗವನ್ನು ಕೋರಿ ಒಂದು ಪತ್ರವನ್ನು ಸಿದ್ಧಪಡಿಸಿದನು. ಅದರಲ್ಲಿ ಅಂಕಿ ಹಾಕಿ ತನ್ನ ಸಾಮರ್ಥ್ಯಗಳನ್ನು ಪಟ್ಟಿ ಮಾಡಿದ್ದಾನೆ. ಸುಲಭವಾಗಿ ಸಾಗಿಸಬಹುದಾದ ಹಗುರ ಸೇತುವೆಗಳು, ಕೋಟೆಗಳನ್ನು ಕೆಡಹುವ ಉಪಾಯಗಳು, ಫಿರಂಗಿಗಳು, ಸುರಂಗಗಳು — ಇವು ಮೊದಲು. ಜಗತ್ತು ಇಂದು ಯಾವ ಚಿತ್ರಕಲೆಗಾಗಿ ಅವನನ್ನು ಪೂಜಿಸುತ್ತದೆಯೋ ಅದರ ಪ್ರಸ್ತಾಪ ಬರುವುದು ಕೊನೆಯಲ್ಲಿ. ಅವನಿಗೆ ಚಿತ್ರಕಲೆಯಲ್ಲಿ ಅಭಿಮಾನ ಕಡಿಮೆಯಿತ್ತೆಂದಲ್ಲ. ಯುದ್ಧಭೀತಿಯಲ್ಲಿದ್ದ ಆ ಪ್ರಭುವಿಗೆ ಅಂದು ಬೇಕಾಗಿದ್ದುದು ಸೇತುವೆ ಮತ್ತು ಫಿರಂಗಿ ಎಂಬುದನ್ನು ಅವನು ಅರಿತಿದ್ದನು. ಐದು ಶತಮಾನಗಳು ಕಳೆದರೂ ಈ ಪಾಠ ಹಳೆಯದಾಗಿಲ್ಲ. ತಾನು ಏನನ್ನು ಹೇಳಬಯಸುತ್ತೇನೆ ಎಂಬುದಕ್ಕಿಂತ, ಓದುವವರು ಏನನ್ನು ಹುಡುಕುತ್ತಿದ್ದಾರೆ ಎಂಬುದನ್ನು ಅಭ್ಯರ್ಥಿಯು ಮೊದಲು ಯೋಚಿಸಬೇಕು. ಆದುದರಿಂದಲೇ ಒಂದೇ ಕಾಗದವನ್ನು ಐವತ್ತು ಕಡೆಗೆ ಕಳುಹಿಸುವುದಕ್ಕಿಂತ, ಸಂಸ್ಥೆಯ ಕೆಲಸಕ್ಕೆ ತಕ್ಕಂತೆ ಸಾಲುಗಳ ಕ್ರಮವನ್ನು ಬದಲಾಯಿಸಿ ಐದು ಕಡೆಗೆ ಕಳುಹಿಸುವುದು ಮೇಲು.

ಬಯೋಡಾಟಾ ಬೇರೆ, ಪರಿಚಯಪತ್ರ ಬೇರೆ

ಅನೇಕ ಮನೆಗಳಲ್ಲಿ ಹಿರಿಯರಿಗೆ ಪರಿಚಿತವಾದ ನಮೂನೆಯೆಂದರೆ ಮದುವೆಗಾಗಿ ಸಿದ್ಧಪಡಿಸುವ ಬಯೋಡಾಟಾ. ತಂದೆಯ ಹೆಸರು, ತಾಯಿಯ ಹೆಸರು, ಜಾತಿ, ಗೋತ್ರ, ಎತ್ತರ, ಮೈಬಣ್ಣ, ಒಡಹುಟ್ಟಿದವರ ವಿವರ, ಸ್ವಂತ ಮನೆಯ ಸಂಗತಿ — ಇವೆಲ್ಲವೂ ಅಲ್ಲಿ ಬೇಕು. ವಿದ್ಯಾರ್ಥಿಯ ಪರಿಚಯಪತ್ರದಲ್ಲಿ ಇವುಗಳಲ್ಲಿ ಒಂದೂ ಬೇಡ. ಮಗನಿಗೋ ಮಗಳಿಗೋ ಸಹಾಯ ಮಾಡಹೊರಟ ತಂದೆ ಈ ಹಳೆಯ ನಮೂನೆಯನ್ನು ಮುಂದಿಟ್ಟರೆ, ಅರ್ಧ ಪುಟ ವ್ಯರ್ಥವಾಗುತ್ತದೆ.

ಇದು ಕೇವಲ ಸ್ಥಳದ ಪ್ರಶ್ನೆಯಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ಸಮಾಜವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನಪಿಗೆ ಯೋಗ್ಯ. ಭಾರತದ ಪತ್ರಿಕೆಗಳಲ್ಲಿ ಬಂದ ಉದ್ಯೋಗ ಜಾಹೀರಾತುಗಳಿಗೆ ಅವರು ಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು, ಅಭ್ಯರ್ಥಿಯ ಹೆಸರನ್ನು ಮಾತ್ರ ಬದಲಿಸಿ ಕಳುಹಿಸಿದರು. ದಲಿತರದೆಂದೂ ಮುಸಲ್ಮಾನರದೆಂದೂ ಗುರುತಿಸಬಹುದಾದ ಹೆಸರುಗಳಿಗೆ ಕರೆ ಬಂದುದು ಕಡಿಮೆ. ಹೆಸರೊಂದೇ ಇಷ್ಟು ಪರಿಣಾಮ ಮಾಡುವಾಗ, ಕೆಲಸಕ್ಕೆ ಸಂಬಂಧಪಡದ ಜಾತಿ, ಧರ್ಮ, ವೈವಾಹಿಕ ಸ್ಥಿತಿಗಳನ್ನು ಅಭ್ಯರ್ಥಿಯು ತಾನಾಗಿ ಒದಗಿಸುವುದು ವಿವೇಕವಲ್ಲ. ಸಂಸ್ಥೆಯು ಕೇಳದ ಹೊರತು ಭಾವಚಿತ್ರವೂ ಬೇಡ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆಗಳ ಸಂಖ್ಯೆಯನ್ನಂತೂ ಬರೆಯಲೇಬಾರದು. ಆ ಕಾಗದ ಎಷ್ಟು ಕೈಗಳನ್ನು ದಾಟುವುದೋ ಬಲ್ಲವರಿಲ್ಲ. ಪೂರ್ಣ ವಿಳಾಸದ ಬದಲು ಉಪನಗರ ಮತ್ತು ನಗರದ ಹೆಸರು ಸಾಕು.

ಪುಟದಲ್ಲಿ ಇರಬೇಕಾದುದೇನು?

ಮೊದಲು ಹೆಸರು, ದೂರವಾಣಿ ಸಂಖ್ಯೆ, ಇ-ಮೇಲ್ ವಿಳಾಸ. ಶಾಲೆಯ ದಿನಗಳಲ್ಲಿ ವಿನೋದಕ್ಕಾಗಿ ಮಾಡಿಕೊಂಡ ಇ-ಮೇಲ್ ವಿಳಾಸವಿದ್ದರೆ ಅದನ್ನು ಬಿಟ್ಟು, ತನ್ನ ಹೆಸರಿನಲ್ಲಿಯೇ ಹೊಸದೊಂದನ್ನು ಮಾಡಿಕೊಳ್ಳಬೇಕು. ಅನಂತರ ವಿದ್ಯಾಭ್ಯಾಸ, ಇತ್ತೀಚಿನದು ಮೇಲೆ, ಹಳೆಯದು ಕೆಳಗೆ. ಕಾಲೇಜು ಅಂಕಗಳನ್ನು ಶ್ರೇಣಿಯಲ್ಲಿ ಕೊಟ್ಟಿದ್ದರೆ ಶ್ರೇಣಿಯಲ್ಲಿಯೇ, ಶೇಕಡಾವಾರಿನಲ್ಲಿ ಕೊಟ್ಟಿದ್ದರೆ ಹಾಗೆಯೇ ಬರೆಯಬೇಕು. ತನಗೆ ಅನುಕೂಲವಾದ ಗಣಿತವನ್ನು ಕಲ್ಪಿಸಿಕೊಳ್ಳಬಾರದು. ಆಮೇಲೆ ಮಾಡಿದ ಕೆಲಸಗಳು: ಕಾಲೇಜಿನ ಪ್ರಾಜೆಕ್ಟು, ಪ್ರಯೋಗಾಲಯದ ಅಭ್ಯಾಸ, ಬಿಡುವಿನ ಉದ್ಯೋಗ, ಸೇವಾಕಾರ್ಯ. ಕೊನೆಗೆ ಕೌಶಲಗಳು ಮತ್ತು ಭಾಷೆಗಳು.

"ನಮ್ಮ ಹುಡುಗನಿಗೆ ಅನುಭವವೆಲ್ಲಿದೆ? ಬರೆಯುವುದೇನನ್ನು?" ಎಂಬುದು ಸಾಮಾನ್ಯವಾದ ಆಕ್ಷೇಪ. ಅನುಭವವಿದೆ, ಅದನ್ನು ಅನುಭವವೆಂದು ಗುರುತಿಸುವ ಅಭ್ಯಾಸ ಇಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಮನೆಪಾಠ ಹೇಳಿ ತಮ್ಮ ವೆಚ್ಚವನ್ನು ನಿಭಾಯಿಸಿಕೊಂಡವರು. ಅನಂತರ ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು, 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರರಾದರು. ಅಂದು ಪರೀಕ್ಷೆಯ ಸ್ಥಾನವೇ ಅವರ ಪರಿಚಯಪತ್ರವಾಯಿತು. ಆದರೆ ಇಂದಿನ ವಿದ್ಯಾರ್ಥಿಯೊಬ್ಬ ಹಾಗೆ ಮನೆಪಾಠ ಹೇಳಿ ಓದುತ್ತಿದ್ದರೆ, ಅದು ಮರೆಮಾಚಬೇಕಾದ ಬಡತನದ ಕುರುಹಲ್ಲ. ಸಮಯಪಾಲನೆ, ವಿಷಯಜ್ಞಾನ, ವಿವರಿಸಿ ಹೇಳುವ ಶಕ್ತಿ ಇವೆಲ್ಲಕ್ಕೂ ಅದು ಸಾಕ್ಷಿ. ಪುಟದ ನಡುಭಾಗದಲ್ಲಿ ಅದಕ್ಕೆ ಸ್ಥಾನವಿರಬೇಕು.

ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳಬಹುದು. ಮುಂಬಯಿಯ ಉಪನಗರವೊಂದರಲ್ಲಿ ಬಿ.ಕಾಂ. ಎರಡನೆಯ ವರ್ಷದಲ್ಲಿರುವ ಹುಡುಗಿ. ತಂದೆ ಒಂದು ಚಿಕ್ಕ ಕ್ಯಾಂಟೀನನ್ನು ನಡೆಸುತ್ತಾರೆ. ಸಂಜೆ ಲೆಕ್ಕ ನೋಡುವುದು ಅವಳ ಪಾಲಿನ ಕೆಲಸ. ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಎರಡು ತಿಂಗಳುಗಳ ಇಂಟರ್ನ್‌ಶಿಪ್‌ಗಾಗಿ ಆಕೆ ಬರೆದ ಮೊದಲ ಕಾಗದದಲ್ಲಿ ಹೀಗಿದೆ: "ತಂದೆಯ ಉದ್ಯೋಗ: ಹೋಟೆಲ್. ಅನುಭವ: ಇಲ್ಲ. ಹವ್ಯಾಸ: ಓದುವುದು, ಸಂಗೀತ ಕೇಳುವುದು. ಗುಣಗಳು: ಪರಿಶ್ರಮ, ನಾಯಕತ್ವ." ಇದನ್ನು ಓದಿದವರಿಗೆ ಆಕೆಯ ಬಗೆಗೆ ಏನೂ ತಿಳಿಯುವುದಿಲ್ಲ, ಇವೇ ಮಾತುಗಳನ್ನು ಸಾವಿರ ಮಂದಿ ಬರೆಯುತ್ತಾರೆ.

ಅದೇ ಹುಡುಗಿ, ನಿಜವಾಗಿ ತಾನು ಮಾಡುವುದನ್ನು ನೆನಪಿಸಿಕೊಂಡು ಹೀಗೆ ಬರೆಯಬಹುದು: "ಕುಟುಂಬದ ಕ್ಯಾಂಟೀನಿನ ದೈನಂದಿನ ಜಮಾಖರ್ಚನ್ನು ಎರಡು ವರ್ಷಗಳಿಂದ ದಾಖಲಿಸುತ್ತಿರುವುದು. ವಾರಕ್ಕೆ ಸುಮಾರು 40 ಸರಬರಾಜು ಬಿಲ್ಲುಗಳನ್ನು ಪಾವತಿಯೊಡನೆ ತಾಳೆ ನೋಡುವುದು. ಕೈಬರಹದ ಲೆಕ್ಕವನ್ನು ಎಕ್ಸೆಲ್‌ಗೆ ಪರಿವರ್ತಿಸಿದ್ದರಿಂದ ತಿಂಗಳ ಬಾಕಿಯ ಪಟ್ಟಿ ಒಂದೇ ಸಂಜೆಯಲ್ಲಿ ಸಿದ್ಧವಾಗುತ್ತಿರುವುದು." ಇಲ್ಲಿ ವಿಶೇಷಣಗಳಿಲ್ಲ, ಕೆಲಸವಿದೆ, ಪ್ರಮಾಣವಿದೆ, ಫಲವಿದೆ. ಲೆಕ್ಕಪರಿಶೋಧಕರಿಗೆ ಬೇಕಾದ ಹುಡುಗಿ ಇವಳೇ ಎಂದು ತಿಳಿಯಲು ಈ ಮೂರು ಸಾಲುಗಳು ಸಾಕು. ಇಂಗ್ಲಿಷಿನಲ್ಲಿ ಬರೆಯುವಾಗ "ನಾನು" ಎಂಬುದನ್ನು ಬಿಟ್ಟು, ಕ್ರಿಯಾಪದದಿಂದಲೇ ಸಾಲನ್ನು ಆರಂಭಿಸುವ ಪದ್ಧತಿಯನ್ನು ಅನುಸರಿಸಬೇಕು.

ಇದೇ ದೃಷ್ಟಿಯಿಂದ ನೋಡಿದರೆ ಕನ್ನಡ ಸಂಘಗಳಲ್ಲಿ ಮಾಡುವ ಕೆಲಸಕ್ಕೂ ಬೆಲೆಯಿದೆ. ರಕ್ತದಾನ ಶಿಬಿರದಲ್ಲಿ ನೋಂದಣಿಯನ್ನು ನೋಡಿಕೊಂಡವರು, ವಾರ್ಷಿಕೋತ್ಸವದ ಟಿಕೇಟುಗಳ ಲೆಕ್ಕ ಇಟ್ಟವರು, ಯಕ್ಷಗಾನ ಪ್ರದರ್ಶನದ ರಂಗವ್ಯವಸ್ಥೆಯನ್ನು ನಿರ್ವಹಿಸಿದವರು ಅದನ್ನು ಸಂಖ್ಯೆ, ದಿನಾಂಕಗಳೊಡನೆ ನಮೂದಿಸಬಹುದು.

ಭಾಷೆಗಳ ಸಾಲು ಹೊರನಾಡ ಕನ್ನಡಿಗರ ಮಕ್ಕಳಿಗೆ ಒಂದು ವರವೇ ಸರಿ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್ — ಇಷ್ಟನ್ನು ಸಹಜವಾಗಿ ಬಲ್ಲವರು ಗ್ರಾಹಕರೊಡನೆ, ರೋಗಿಗಳೊಡನೆ ವ್ಯವಹರಿಸುವ ಯಾವ ಸಂಸ್ಥೆಗೂ ಉಪಯುಕ್ತರು. ಆದರೆ ಇಲ್ಲಿಯೂ ನಿಖರತೆ ಬೇಕು. ಎರಡನೆಯ ತಲೆಮಾರಿನ ಹಲವರಿಗೆ ಕನ್ನಡವನ್ನು ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. "ಕನ್ನಡ: ಮಾತನಾಡಬಲ್ಲರು" ಎಂದಷ್ಟೇ ಬರೆಯುವುದು ಸತ್ಯ. ಹಾಗೆ ಬರೆಯುವಾಗ ಮನಸ್ಸಿಗೆ ಕೊಂಚ ನೋವಾದರೆ, ಅಕ್ಷರ ಕಲಿಯಲು ಕಾಲ ಇನ್ನೂ ಮಿಂಚಿಲ್ಲ ಎಂಬುದನ್ನೂ ನೆನೆಯಬಹುದು.

ಸತ್ಯ ಮತ್ತು ಸರಳತೆ

ಕಾಗದದಲ್ಲಿ ಬರೆದ ಪ್ರತಿಯೊಂದು ಸಾಲೂ ಸಂದರ್ಶನದಲ್ಲಿ ಪ್ರಶ್ನೆಯಾಗಿ ಹಿಂದಿರುಗಬಹುದು. ಎರಡು ದಿನ ನೋಡಿದ ತಂತ್ರಾಂಶವನ್ನು ಬಲ್ಲೆನೆಂದು ಬರೆದವರು ಮೊದಲನೆಯ ಪ್ರಶ್ನೆಗೇ ತಡವರಿಸುತ್ತಾರೆ. ಪ್ರಮಾಣಪತ್ರಗಳನ್ನು ತಾಳೆ ನೋಡುವ ಪದ್ಧತಿಯೂ ಸಂಸ್ಥೆಗಳಲ್ಲಿ ಸಾಮಾನ್ಯವಾಗಿದೆ. ಇಂದು ಕೃತಕ ಬುದ್ಧಿಮತ್ತೆಯ ಸಾಧನಗಳು ಕ್ಷಣಾರ್ಧದಲ್ಲಿ ಸೊಗಸಾದ ಪುಟವನ್ನು ಬರೆದುಕೊಡುತ್ತವೆ. ವ್ಯಾಕರಣವನ್ನು ತಿದ್ದಿಕೊಳ್ಳಲು ಅವು ಒಳ್ಳೆಯ ಸಹಾಯಕರು. ಆದರೆ ಮಾಡದ ಕೆಲಸವನ್ನೂ ಮಾಡಿದಂತೆ ಅವು ಸೇರಿಸಿಬಿಡಬಹುದು. ಅದರ ಹೊಣೆ ಮಾತ್ರ ಸಹಿ ಹಾಕಿದವರದು.

ಓದುವವರ ಬಿಡುವೂ ಅಲ್ಪ. ಅಮೆರಿಕದ ಉದ್ಯೋಗಸೇವಾ ಸಂಸ್ಥೆಯಾದ ಲ್ಯಾಡರ್ಸ್ 2018ರಲ್ಲಿ ನೇಮಕಾಧಿಕಾರಿಗಳ ಕಣ್ಣಿನ ಚಲನೆಯನ್ನು ಅಳೆದಾಗ, ಒಂದು ಪರಿಚಯಪತ್ರದ ಮೇಲೆ ಮೊದಲ ನೋಟ ನಿಂತುದು ಸರಾಸರಿ 7.4 ಸೆಕೆಂಡುಗಳು ಮಾತ್ರ ಎಂದು ಕಂಡುಬಂದಿತು. ಆದುದರಿಂದ ಒಂದೇ ಪುಟ, ಸ್ಪಷ್ಟವಾದ ಉಪಶೀರ್ಷಿಕೆಗಳು, ಸಾಕಷ್ಟು ಅಂಚು, 10ರಿಂದ 12 ಅಳತೆಯ ಸರಳ ಅಕ್ಷರಗಳು ಇರಬೇಕು. ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಗಳನ್ನು ಮೊದಲು ಕಂಪ್ಯೂಟರ್ ತಂತ್ರಾಂಶವೇ ಓದಿ ವಿಂಗಡಿಸುವುದುಂಟು. ಬಣ್ಣದ ಪಟ್ಟಿಗಳು, ಚಿತ್ರಗಳು, ಅಕ್ಕಪಕ್ಕದ ಎರಡು ಅಂಕಣಗಳು ಅದರ ಓದಿಗೆ ತೊಡಕಾಗಬಹುದು. ಜಾಹೀರಾತಿನಲ್ಲಿ ಬಂದಿರುವ ಕೌಶಲದ ಹೆಸರು ತನಗೆ ನಿಜವಾಗಿ ಬರುತ್ತಿದ್ದರೆ ಅದೇ ಶಬ್ದವನ್ನು ಬಳಸುವುದು ಲೇಸು. ಕಡತವನ್ನು ಪಿ.ಡಿ.ಎಫ್. ರೂಪದಲ್ಲಿ, ತನ್ನ ಹೆಸರಿನಿಂದಲೇ ಉಳಿಸಬೇಕು. ಜೊತೆಯ ಪತ್ರದಲ್ಲಿ ಆ ಸಂಸ್ಥೆಯನ್ನೇ ಏಕೆ ಆರಿಸಿಕೊಂಡದ್ದು, ಯಾವ ದಿನಾಂಕದಿಂದ ಎಷ್ಟು ವಾರ ಬರಬಹುದು ಎಂಬ ಎರಡು ಸಂಗತಿಗಳು ಇರಲಿ. ಒಂದು ವಾರದ ಅನಂತರ ವಿನಯಪೂರ್ವಕವಾಗಿ ಒಮ್ಮೆ ವಿಚಾರಿಸುವುದರಲ್ಲಿ ತಪ್ಪಿಲ್ಲ.

ಮೋಸದ ಜಾಲ

ಅವಕಾಶ ವಿರಳವಾದಲ್ಲಿ ವಂಚಕರು ಹುಟ್ಟಿಕೊಳ್ಳುತ್ತಾರೆ. ನೋಂದಣಿ ಶುಲ್ಕ, ತರಬೇತಿ ಸಾಮಗ್ರಿಯ ಬೆಲೆ, ಹಿಂದಿರುಗಿಸುವ ಠೇವಣಿ ಎಂಬ ಹೆಸರುಗಳಲ್ಲಿ ವಿದ್ಯಾರ್ಥಿಗಳಿಂದಲೇ ಹಣ ಕೇಳುವ ಕರೆಗಳನ್ನು ಸಂಶಯದಿಂದಲೇ ಕಾಣಬೇಕು. ಕೆಲಸ ಕೊಡುವವರು ಕೆಲಸಕ್ಕೆ ಬರುವವರಿಂದ ಹಣ ಪಡೆಯುವುದು ರೀತಿಯಲ್ಲ. ಸಂದರ್ಶನವೇ ಇಲ್ಲದೆ ಆಯ್ಕೆಯ ಪತ್ರ ಬಂದರೆ, ಸಂಸ್ಥೆಯ ದೂರವಾಣಿಗೆ ನೇರವಾಗಿ ಕರೆಮಾಡಿ ವಿಚಾರಿಸಬೇಕು. ಆಯ್ಕೆಯಾದ ಮೇಲೆ ಗುರುತಿನ ದಾಖಲೆ ಬೇಕಾದರೆ, ಕೊನೆಯ 4 ಅಂಕಿಗಳು ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಕೊಡಲು ಅವಕಾಶವಿದೆ. ಎಷ್ಟು ದಿನ, ಯಾವ ಕೆಲಸ, ಯಾರ ಮಾರ್ಗದರ್ಶನ, ಗೌರವಧನ ಉಂಟೋ ಇಲ್ಲವೋ ಎಂಬುದನ್ನು ಲಿಖಿತ ರೂಪದಲ್ಲಿ ಪಡೆಯುವುದು ಕ್ಷೇಮ.

ಉತ್ತರ ಬಾರದಿದ್ದಾಗ

ಎಷ್ಟೇ ಚೆನ್ನಾಗಿ ಬರೆದರೂ ಅನೇಕ ಅರ್ಜಿಗಳಿಗೆ ಉತ್ತರವೇ ಬರುವುದಿಲ್ಲ. ಹತ್ತೊಂಬತ್ತು, ಇಪ್ಪತ್ತರ ವಯಸ್ಸಿನಲ್ಲಿ ಈ ಮೌನವನ್ನು ತನ್ನ ಯೋಗ್ಯತೆಯ ಮೇಲಿನ ತೀರ್ಪೆಂದು ಭಾವಿಸುವುದು ಸುಲಭ. "ಪಕ್ಕದ ಮನೆಯ ಹುಡುಗನಿಗೆ ಸಿಕ್ಕಿತಲ್ಲ" ಎಂಬ ಮಾತು ಮನೆಯಲ್ಲಿ ಕೇಳಿಬಂದರಂತೂ ಗಾಯಕ್ಕೆ ಉಪ್ಪು ಸವರಿದಂತೆ. ಸ್ಥಾನಗಳು ಕೆಲವು, ಅರ್ಜಿಗಳು ನೂರಾರು ಎಂಬ ಸರಳ ಲೆಕ್ಕವನ್ನು ಪೋಷಕರು ಮರೆಯಬಾರದು. ನಿದ್ರೆ ಕೆಡುವುದು, ಊಟ ಸೇರದಿರುವುದು, ಸ್ನೇಹಿತರಿಂದ ದೂರ ಉಳಿಯುವುದು ಎರಡು ವಾರಗಳಿಗೂ ಮೀರಿ ಮುಂದುವರಿದರೆ ಅದನ್ನು ಸೋಮಾರಿತನವೆಂದು ಬಗೆಯದೆ ವೈದ್ಯರ ಸಲಹೆ ಪಡೆಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರವಾಗಿದ್ದು, ಹಗಲಿರುಳೂ ಉಚಿತವಾಗಿ ದೊರೆಯುವ ಈ ಸೇವೆಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಸಂಘಗಳ ಹೊಣೆ

ಹಿಂದೆ ರಾತ್ರಿ ಶಾಲೆಗಳನ್ನು ಕಟ್ಟಿದವರು ಹೊರನಾಡ ಕನ್ನಡಿಗರೇ. ಹೋಟೆಲಿನಲ್ಲಿ ದುಡಿಯುವ ಹುಡುಗನಿಗೆ ಅಕ್ಷರ ಬೇಕೆಂಬುದು ಅಂದಿನ ಅಗತ್ಯವಾಗಿತ್ತು. ಇಂದಿನ ಅಗತ್ಯ ಇನ್ನೊಂದು ಬಗೆಯದು. ಅದಕ್ಕೆ ಕಟ್ಟಡವೂ ಬೇಡ, ನಿಧಿಯೂ ಬೇಡ. ಪ್ರತಿಯೊಂದು ಸಂಘದಲ್ಲಿಯೂ ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಪ್ರಾಧ್ಯಾಪಕರು, ವೈದ್ಯರು, ಇಂಜಿನಿಯರರು ಇದ್ದಾರೆ. ಬೇಸಿಗೆಯ ರಜೆಗೆ ಎರಡು ಮೂರು ತಿಂಗಳು ಮುಂಚೆ, ಒಂದು ಭಾನುವಾರ ಬೆಳಗ್ಗೆ ಅವರು ಸಂಘದ ಕೋಣೆಯಲ್ಲಿ ಕುಳಿತು ಮಕ್ಕಳ ಪರಿಚಯಪತ್ರಗಳನ್ನು ಓದಿ, ಪ್ರತಿಯೊಬ್ಬರಿಗೂ ಅರ್ಧ ಗಂಟೆಯನ್ನು ಕೊಟ್ಟರೆ ಸಾಕು. "ನೀನು ದಿನವೂ ಏನು ಕೆಲಸ ಮಾಡುತ್ತೀಯಮ್ಮಾ?" ಎಂಬ ಹಿರಿಯರೊಬ್ಬರ ಒಂದು ಪ್ರಶ್ನೆಯಿಂದ, "ಅನುಭವ: ಇಲ್ಲ" ಎಂದು ಬರೆದ ಹುಡುಗಿಯ ಪುಟದಲ್ಲಿ ಮೂರು ಗಟ್ಟಿಯಾದ ಸಾಲುಗಳು ಮೂಡಬಲ್ಲವು. ಆ ಸಾಲುಗಳೊಡನೆ ಅವಳು ಯಾವ ಕಚೇರಿಯ ಬಾಗಿಲಿಗೂ ತಲೆಯೆತ್ತಿ ಹೋಗಬಹುದು.